ದೊಡ್ಡ ಟೈರು, ಮೈಲಾರಣ್ಣನ ಆಣೆ

ಬೆಳಿಗ್ಗೆ ನಾರಾಯಣಪೇಟೆಯ ಬಂಕಿನಲ್ಲಿ ಸ್ಕೂಟಿ ನಿಲ್ಲಿಸಿಕೊಂಡು ನಿಂತಿದ್ದೆ. ಪಕ್ಕದಲ್ಲೊಂದು ಪಿಕಪ್ ಗಾಡಿ. ಕಂಪನಿ ಕೊಟ್ಟ ಟೈರು ತೆಗೆದು ನನ್ನ ಸೊಂಟದೆತ್ತರದ ಹೊಸ ಟೈರು ಹಾಕಿಸಿದ್ದರು. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಡೀಸೆಲಿನ ವಾಸನೆಯೊಂದಿಗೆ ಬೆರೆತು ಬಂತು. "ಮೇಡಂ, ಜೀರೋ ನೋಡ್ಕೊಳ್ರಿ" ಎಂದಳು ಬಂಕಿನಾಕೆ. ನನಗೆ ಕೇಳಿಸಿತು, ಆದರೆ ನಾನು ಅಲ್ಲಿರಲಿಲ್ಲ.

ನಾನಿದ್ದದ್ದು ಮಕ್ತಲ್‌ನಲ್ಲಿ, ಹದಿನೈದು ವರ್ಷ ಹಿಂದೆ. ಆಗ ನಮ್ಮ ಯಜಮಾನರ ಹತ್ತಿರವೂ ಒಂದು ಪಿಕಪ್ ಇತ್ತು. ಓಡಿಸುತ್ತಿದ್ದವನು ದಾಮರಗಿದ್ದದ ಮೈಲಾರಣ್ಣ. ಕುರಿ ಕಾಯುವ ಮನೆತನದವನು, ಹಣೆಯ ಮೇಲೆ ಸದಾ ಬೀರಪ್ಪನ ಭಂಡಾರ. ಗದ್ವಾಲದ ಕಡೆ ಹೊಲಗಳಲ್ಲಿ ಮಂದೆ ಬೀಡುಬಿಟ್ಟಾಗ ಮರಿಗಳನ್ನೂ ದೊಡ್ಡಿ ಕಟ್ಟುವ ಬಲೆಗಳನ್ನೂ ಸಾಗಿಸುವುದು ನಮ್ಮ ಗಾಡಿಯ ಮುಖ್ಯ ಕೆಲಸ. ಎರೆಮಣ್ಣಿನಲ್ಲಿ ಗಾಲಿ ಹೂತು ಹೋಗುತ್ತದೆಂದು ಯಜಮಾನರು ಒಂದು ದಿನ ದೊಡ್ಡ ಟೈರು ಹಾಕಿಸಿಕೊಂಡು ಬಂದರು. ಗಾಡಿಯ ಮುಂದೆ ಮೀಸೆ ತಿರುವುತ್ತ ನಿಂತು ಫೋಟೋ ಕೂಡ ತೆಗೆಸಿಕೊಂಡರು.

ಆ ತಿಂಗಳಿಂದ ಗಾಡಿ ಡೀಸೆಲ್ ಕುಡಿಯತೊಡಗಿತು. ನಾನು ಕನ್ನಡ ಶಾಲೆಯ ಲೆಕ್ಕದ ಟೀಚರು. ಭಾಗಾಕಾರ ಕಂಡರೆ ಕೈ ಸುಮ್ಮನಿರುವುದಿಲ್ಲ. ಮೀಟರಿನ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿದೆ. ಬಂದ ಮೈಲೇಜು ನೋಡಿ, ಡೀಸೆಲ್ ಎಲ್ಲೋ ಸೋರುತ್ತಿದೆ ಎಂದುಕೊಂಡೆ. ಟ್ಯಾಂಕು ಸೋರುತ್ತಿರಲಿಲ್ಲ. ಹಾಗಾದರೆ ಮೈಲಾರಣ್ಣ ಎಂದಿತು ನನ್ನ ಲೆಕ್ಕ.

ನಮ್ಮದು ರಾಯರ ಭಕ್ತರ ಮನೆ. ಹಾಲು ಉಕ್ಕಿದ್ದಕ್ಕೂ ರಾಯರಾಣೆ, ಉಕ್ಕಲಿಲ್ಲ ಎನ್ನುವುದಕ್ಕೂ ರಾಯರಾಣೆ. ಹಾಗೆ ಬೆಳೆದವಳು ನಾನು. ಒಂದು ಸಂಜೆ ಅಂಗಳದಲ್ಲಿ ನಿಂತು ಮೈಲಾರಣ್ಣನಿಗೆ, ಡೀಸೆಲ್ ತೆಗೆದಿಲ್ಲವೆಂದು ಭಂಡಾರ ಮುಟ್ಟಿ ಹೇಳು ನೋಡೋಣ ಅಂದುಬಿಟ್ಟೆ. ಯಜಮಾನರು ನನ್ನ ಬಾಯಿ ಮುಚ್ಚಿಸಲು ಓಡಿಬಂದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಮೈಲಾರಣ್ಣ ಚಪ್ಪಲಿ ಬಿಟ್ಟ. ಸೊಂಟದ ಚೀಲದಿಂದ ಅರಿಶಿನದ ಪುಡಿ ತೆಗೆದು ಅಂಗೈಯಲ್ಲಿ ಹಿಡಿದ. "ಈ ಗಾಡಿ ಡೀಸೆಲ್ ನಾ ಮುಟ್ಟಿಲ್ಲ. ಇನ್ನ ಮ್ಯಾಲನೂ ಮುಟ್ಟಂಗಿಲ್ಲ. ಬೀರಪ್ಪನ ಆಣಿ" ಎಂದ. ಬೀಗದ ಕೈಯನ್ನು ತುಳಸಿಕಟ್ಟೆಯ ಮೇಲಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ.

ಮುಂದಿನ ವಾರ ಗಾಡಿಯನ್ನು ಯಜಮಾನರೇ ಗದ್ವಾಲಕ್ಕೆ ಹೊಡೆದರು. ನನ್ನ ಜೊತೆ ಮಾತು ಬಿಟ್ಟಿದ್ದರು. ಪಕ್ಕದಲ್ಲಿ ಕೂತ ನನಗೆ ಮಾಡಲು ಬೇರೇನೂ ಇರದೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಹೋದೆ. ಮಂಜು, ಜೋಳದ ಹೊಲ, ಒಂದು ಕಲ್ಲು. ಕಾಲುವೆ, ಕೊಕ್ಕರೆ, ಇನ್ನೊಂದು ಕಲ್ಲು. ನಿದ್ದೆಯೋ ಎಚ್ಚರವೋ ತಿಳಿಯದ ಹಾಗಿತ್ತು. ಕಲ್ಲುಗಳು ಹತ್ತು ಕಿಲೋಮೀಟರ್ ಅಂದಾಗ ಮೀಟರು ಒಂಬತ್ತೇ ಅನ್ನುತ್ತಿತ್ತು. ಕಣ್ಣುಜ್ಜಿಕೊಂಡು ಮತ್ತೆ ಹತ್ತು ಎಣಿಸಿದೆ. ಮತ್ತೆ ಒಂಬತ್ತು.

ಮಕ್ತಲ್‌ನ ಮಿಸ್ತ್ರಿ ನನ್ನ ಮಾತು ಕೇಳಿ ಬೀಡಿ ಆರಿಸಿದ. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ, ಅದು ಹಳೆಯ ಗಾಲಿಯ ಲೆಕ್ಕವನ್ನೇ ಹೇಳುತ್ತದೆ ಎಂದ. ಹಾಗಂತ ಡೀಸೆಲ್ ಹೆಚ್ಚು ಸುಟ್ಟಿದ್ದೂ ಸುಳ್ಳಲ್ಲವಂತೆ. ಟೈರು ಭಾರ, ಹಿಂದಿನ ಆಕ್ಸಲಿನಲ್ಲಿ ಗಾಲಿ ತಿರುಗಿಸುವ ಹಲ್ಲಿನ ಚಕ್ರ, ಕ್ರೌನು, ಮಾತ್ರ ಹಳೆಯದೇ. "ಸೈಕಲ್ಲಿಗೆ ದೊಡ್ಡ ಗಾಲಿ ಹಾಕಿ ಏರು ತುಳದಂಗ ಆಗೇತ್ರಿ. ಇಂಜಿನ್ ಜಗ್ಗಾಕ ಒದ್ದಾಡತೈತಿ. ಟೈರ್ ಬದಲಿಸಿದ್ರ ಕ್ರೌನ್ ಭೀ ಬದಲಿಸಬೇಕು" ಎಂದ.

ನೀವೇ ಹೇಳಿ, ವ್ಯಾಸ ಹೆಚ್ಚಿದರೆ ಪರಿಧಿ ಹೆಚ್ಚುತ್ತದೆ ಎಂದು ವರ್ಷ ವರ್ಷವೂ ಮಕ್ಕಳ ಕಿವಿ ಹಿಂಡಿದವಳು ನಾನು. ನನ್ನ ಕಿವಿ ಹಿಂಡುವವರು ಯಾರು?

ಅವತ್ತೇ ದಾಮರಗಿದ್ದಕ್ಕೆ ಹೋದೆವು. ಮೈಲಾರಣ್ಣ ಮನೆಮುಂದೆ ಕಂಬಳಿ ಝಾಡಿಸುತ್ತಿದ್ದ. ನಾನು ಅಳುತ್ತಲೇ ತಪ್ಪಾಯಿತೆಂದೆ, ಕಲ್ಲು, ಮೀಟರು, ಕ್ರೌನು ಎಲ್ಲ ಹೇಳಿದೆ. ಅವನ ಹೆಂಡತಿ ನೀರು ತಂದುಕೊಟ್ಟಳು. ಅವನು ಕಂಬಳಿ ಮಡಚಿಟ್ಟು, ಕೆಲಸಕ್ಕೆ ಬರುತ್ತೇನೆ ಎಂದ. ಆದರೆ ಡೀಸೆಲ್ ಹಾಕಿಸುವಾಗ ನಾನೇ ಬರಬೇಕಂತೆ.

"ನನ್ನ ಮಾತು ನಾನೇ ವಾಪಸ್ ತಗೊಂಡೀನಲ್ಲ, ಮೈಲಾರಣ್ಣ" ಎಂದೆ.

"ನಿಮ್ಮ ಮಾತು ನೀವು ತಗೋರಿ ಟೀಚರಮ್ಮಾ. ನನ್ನ ಮಾತು ನಿಮಗ ಕೊಟ್ಟಿದ್ದಲ್ಲ."

ಕ್ರೌನು ಬದಲಾಯಿತು, ಗಾಡಿಯ ಏದುಸಿರು ನಿಂತಿತು. ಮೈಲಾರಣ್ಣನ ಆಣೆ ಬದಲಾಗಲಿಲ್ಲ. ಆರು ವರ್ಷ, ವಾರಕ್ಕೊಮ್ಮೆ, ಶಾಲೆಗೆ ಮುಂಚೆ ನಾನು ಅವನ ಪಕ್ಕ ಕೂತು ಬಂಕಿಗೆ ಹೋದೆ. ಅವನು ಗಾಡಿ ನಿಲ್ಲಿಸಿ, ಹತ್ತು ಹೆಜ್ಜೆ ದೂರದ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ನಾನು ಮುಚ್ಚಳ ತೆರೆಸಿ, ಸೊನ್ನೆ ನೋಡಿ, ಹಾಕಿಸಿ, ಹಾರನ್ ಹೊಡೆದರೆ ಬರುತ್ತಿದ್ದ. ಸಿಟ್ಟಿನಿಂದಲ್ಲ. ದಾರಿಯುದ್ದಕ್ಕೂ ಕುರಿಗಳ ಸುದ್ದಿ ಹೇಳುತ್ತಿದ್ದ. ನೂರು ಮರಿಗಳ ನಡುವೆ ತಾಯಿ ತನ್ನದನ್ನು ಮೂಸಿಯೇ ಗುರುತಿಸುತ್ತದೆ, ತಪ್ಪುವುದಿಲ್ಲ ಎನ್ನುತ್ತಿದ್ದ. ನನಗೆ ಆ ಬೆಳಗುಗಳು ಇಷ್ಟವಾಗಿಬಿಟ್ಟಿದ್ದವು. ಶಿಕ್ಷೆ ಹೀಗೂ ಇರುತ್ತದೆಯೇ ಎಂದು ನಾಚಿಕೆಯೂ ಆಗುತ್ತಿತ್ತು. ಗಾಡಿ ಮಾರುವ ದಿನ, ಇವತ್ತಾದರೂ ನಿನ್ನ ಕೈಯಿಂದ ಹಾಕಿಸು ಎಂದು ಬೇಡಿಕೊಂಡೆ. ನಕ್ಕು ಬೇವಿನ ಮರದ ಕಡೆ ನಡೆದ.

ಅವನು ತೀರಿಹೋಗಿ ಎರಡು ಮಳೆಗಾಲವಾಯಿತು.

"ಮೇಡಂ, ಜೀರೋ" ಎಂದಳು ಬಂಕಿನಾಕೆ ಮತ್ತೊಮ್ಮೆ. ಪೈಪು ಹಿಡಿದು ಕಾಯುತ್ತಿದ್ದಳು. ಇಷ್ಟು ವರ್ಷ ಒಮ್ಮೆಯೂ ನೋಡದೆ ಹಾಕಿಸಿದವಳಲ್ಲ ನಾನು. ಸ್ಕೂಟಿಯ ಮುಚ್ಚಳ ತೆರೆದುಕೊಟ್ಟು ಹತ್ತು ಹೆಜ್ಜೆ ಈಚೆ ಬಂದೆ, ಬೆನ್ನು ತಿರುಗಿಸಿದೆ, ಕೈ ಹಿಂದೆ ಕಟ್ಟಿಕೊಂಡೆ.

"ನೀ ಹಾಕಮ್ಮ" ಎಂದೆ.