ವಿಮಾನದ ಹಸಿರು ಬಣ್ಣ ತೆಗೆದದ್ದು

ನನ್ನ ಗಂಡ ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಯಾವುದು ಯಾವುದರಲ್ಲಿ ಕರಗುತ್ತದೆಂದು ಅವರಷ್ಟು ಚೆನ್ನಾಗಿ ವಿವರಿಸಬಲ್ಲವರು ನಮ್ಮ ಮಾಳಮಡ್ಡಿ ಬಡಾವಣೆಯಲ್ಲಿ ಇನ್ನೊಬ್ಬರಿಲ್ಲ. ಇದನ್ನು ಅವರೇ ನನಗೆ ಎಷ್ಟೋ ಸಲ ಹೇಳಿದ್ದಾರೆ.

ನಿವೃತ್ತರಾದ ಮೇಲೆ ಒಂದು ದಿನ ಅಟ್ಟದಿಂದ ಪ್ಲಾಸ್ಟಿಕ್ ವಿಮಾನವೊಂದನ್ನು ಇಳಿಸಿದರು. ಓದುವ ಕಾಲದಲ್ಲಿ ಬಿಡಿಭಾಗಗಳನ್ನು ತಾವೇ ಅಂಟಿಸಿ ಜೋಡಿಸಿದ್ದು. ಆಗ ಬಳಿದ ಹಸಿರು ಬಣ್ಣ ಎಷ್ಟು ದಪ್ಪವೆಂದರೆ ಕಿಟಕಿ ಯಾವುದು, ಬಾಗಿಲು ಯಾವುದು ತಿಳಿಯುತ್ತಿರಲಿಲ್ಲ. ಅದನ್ನು ತೆಗೆದು ಹೊಸದಾಗಿ ಬಳಿಯಬೇಕೆಂದು ಥಿನ್ನರ್ ತಂದರು.

“ಪ್ಲಾಸ್ಟಿಕ್ಕಿಗೆ ಏನೂ ಆಗೂದಿಲ್ಲೇನ್ರಿ?” ಎಂದು ಕೇಳಿದೆ.

“ನಿನಗ ತಿಳಿಯೂದಿಲ್ಲ, ಸುಮ್ನಿರು.”

ಮೊದಲು ಬಲರೆಕ್ಕೆಗೆ ಥಿನ್ನರ್ ಸವರಿದರು. ಹತ್ತು ನಿಮಿಷದಲ್ಲಿ ಅದು ಮೆತ್ತಗಾಗಿ ಜೋತುಬಿತ್ತು. ಎತ್ತಿ ಹಿಡಿದರೆ ಅವರ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಮೂಡಿತು. “ಪ್ಲಾಸ್ಟಿಕ್ಕೇ ಛಲೋ ಇಲ್ಲ,” ಎಂದು ತೀರ್ಪು ಕೊಟ್ಟು ಮಧ್ಯಾಹ್ನದ ನಿದ್ದೆಗೆ ಹೋದರು.

ನಾನು ವಿಮಾನ ಹಿಡಿದುಕೊಂಡು ಓಣಿಯ ತಿರುವಿನ ಗ್ಯಾರೇಜಿಗೆ ಹೋದೆ. ನನ್ನ ಸ್ಕೂಟರಿಗೆ ಬಣ್ಣ ಹೊಡೆದುಕೊಟ್ಟ ಚಾಚಾ ಏಳನೆಯ ಇಯತ್ತೆಗೇ ಶಾಲೆ ಬಿಟ್ಟವರು.

“ಥಿನ್ನರ್ ಪ್ಲಾಸ್ಟಿಕ್ಕನ್ನ ತಿಂತೈತ್ರಿ ಅಕ್ಕಾರ,” ಎಂದರು. “ಔಷಧದಂಗಡ್ಯಾಗ ಸ್ಪಿರಿಟ್ ಸಿಗತೈತಿ. ಮದಲ ಕಾಣದ ಜಾಗಾದಾಗ ಒಂದ್ ಹನಿ ಹಚ್ಚಿ ನೋಡ್ರಿ. ಕೈಗೆ ಗ್ಲೌಸ್ ಹಾಕ್ಕೋರಿ, ಕಿಡಕಿ ತಗದಿಡ್ರಿ. ಒಲಿ ಹತ್ರ ಮಾತ್ರ ಒಯ್ಯಬ್ಯಾಡ್ರಿ, ಲಗೂ ಬೆಂಕಿ ಹಿಡೀತೈತಿ.”

ವಿಮಾನದ ಹೊಟ್ಟೆಯಡಿ ಒಂದು ಹನಿ ಹಚ್ಚಿ ಅರ್ಧ ತಾಸು ಕಾದೆ. ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇತ್ತು. ಆಮೇಲೆ ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಅದನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಹಿತ್ತಲಿನ ನೆರಳಿನಲ್ಲಿಟ್ಟೆ. ಮೂರನೆಯ ದಿನ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಹಸಿರು ಸಿಪ್ಪೆಯಂತೆ ಎದ್ದುಬಂತು. ಸಂದಿಗಳಲ್ಲಿ ಉಳಿದದ್ದನ್ನು ಕೆರೆಯಲು ಇವರು ಚಾಕು ತಂದರು. ಚಾಕು ಕಸಿದುಕೊಂಡು ವಿಮಾನವನ್ನು ಇನ್ನೊಂದು ದಿನ ನೆನೆಸಿದೆ. ಸಾಬೂನು ನೀರಿನಲ್ಲಿ ತೊಳೆದು ಆರಿಸಿದಾಗ ಸಾಲಾಗಿ ಕಿಟಕಿಗಳು ಕಂಡವು. ನಿಜಕ್ಕೂ ಖುಷಿಯಾಯಿತು.

ಮುಂದಿನ ವಾರ ಇವರ ಹಳೆಯ ಸಹೋದ್ಯೋಗಿಗಳಿಬ್ಬರು ಚಹಾಕ್ಕೆ ಬಂದರು.

“ಸ್ಪಿರಿಟ್ಟಿಗೆ ಈ ಪ್ಲಾಸ್ಟಿಕ್ ಕರಗೂದಿಲ್ಲ. ಅದಕ್ಕ ನಾ ಅದನ್ನ ಆರಿಸಿದೆ,” ಎಂದರು ಇವರು.

“ಮತ್ತ ಈ ರೆಕ್ಕಿ?” ಎಂದು ಒಬ್ಬರು ಕೇಳಿದರು.

“ಅದು ಹೋಲಿಸಿ ನೋಡ್ಲಿಕ್ಕೆ ಮಾಡಿದ ಪ್ರಯೋಗ.”

ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ನಾನು ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಂಡು ಚಪ್ಪಲಿ ಮೆಟ್ಟಿದೆ.

“ಎಲ್ಲಿಗೆ ಹೊಂಟಿ?” ಎಂದರು ಇವರು.

“ನಿಮ್ಮ ಪ್ರಯೋಗಶಾಲಾಕ್ಕ,” ಎಂದು ಗ್ಯಾರೇಜಿನ ಕಡೆ ನಡೆದೆ.