ಹತ್ತು ಮೊಳದ ಗೆರೆ

ಹುನಗುಂದದ ಶಾಲೆಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಹೊಸ ಪಿ.ಟಿ. ಟೀಚರ್ ಬೋರ್ಡಿನ ಕೆಳಗಿನಿಂದ ಟೇಪು ಎಳೆಯುತ್ತಾ ಬಂದು ಬಿಳಿ ಗೆರೆಯ ಹತ್ತಿರ ನಿಂತುಬಿಟ್ಟರು. ಫ್ರೀ ಥ್ರೋ ಹಾಕುವ ಆ ಗೆರೆ ಹದಿನೈದು ಅಡಿಗೆ ಇರಬೇಕು. ಅದು ಹತ್ತು ಇಂಚು ಹೆಚ್ಚು ದೂರವಿತ್ತು. ಗೆರೆ ಎಳೆದವರು ಇಲ್ಲಿ ಮೊದಲು ಪಿ.ಟಿ. ಸರ್ ಆಗಿದ್ದ ನನ್ನ ಯಜಮಾನರು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಬಳಿಯಿದ್ದ ಆಟದ ಕೋಣೆಯ ಕೀಲಿ ಕೊಡಲು ನಾನು ಹೋಗಿದ್ದೆ.

"ಟೇಪ ತಪ್ಪೈತ್ರಿ ಟೀಚರ್," ಎಂದಳು ತಂಡದ ನಾಯಕಿ. "ಹತ್ತು ಮೊಳ ಅಂದ್ರ ಹದಿನೈದು ಫೂಟ. ಸರ್ ನಮ್ಮ ಮುಂದನ ಕೈಲೆ ಅಳದಾರ್ರಿ."

ಟೀಚರ್ ನನ್ನ ಮುಖ ನೋಡಿದರು. ಮರುವಾರ ಬಾಗಲಕೋಟೆಯಲ್ಲಿ ಪಂದ್ಯವಿತ್ತು. ಯಜಮಾನರ ತೋಳು ಉದ್ದ. ನಮ್ಮೂರು ಇಳಕಲ್ಲಿನ ಬಜಾರದಲ್ಲಿ ಹೂವಿನವಳು, "ನಿಮ್ಮ ಕೈಲೆ ಅಳೀಬ್ಯಾಡ್ರಿ ಸರ, ನನ್ನ ಬುಟ್ಟಿ ಖಾಲಿ ಆಕ್ಕೈತಿ," ಎಂದು ನಗುತ್ತಿದ್ದಳು.

"ಟೇಪ ಖರೆ ಐತವ್ವಾ. ನಿಮ್ಮ ಸರ್ ಕೈ ಉದ್ದ ಇತ್ತು," ಎಂದೆ. "ಹೊಸಾ ಗೆರಿ ಹಾಕ್ರಿ ಟೀಚರ್."

ಸೀಮೆಸುಣ್ಣದಲ್ಲಿ ಗುರುತು ಮಾಡಿದ ಹೊಸ ಜಾಗದಿಂದ ಹುಡುಗಿ ಎಸೆದಳು. ಚೆಂಡು ಬಾಸ್ಕೆಟ್ಟಿನ ಬಳೆ ದಾಟಿ ಬೋರ್ಡಿಗೆ ಬಡಿದು ವಾಪಸು ಬಂತು. "ಇನ್ನ ಕೈ ಹಗರ ಮಾಡಬೇಕ್ರಿ," ಎಂದು ಅವಳು ಮತ್ತೆ ನಿಂತಳು. ನಾಲ್ಕನೆಯದು ಒಳಗೆ ಬಿತ್ತು.

ಊರಿಗೆ ಮರಳಿ, ಅವರ ಫೋಟೋಕ್ಕೆಂದು ಅವರು ತರುತ್ತಿದ್ದಂತೆಯೇ ಎರಡು ಮೊಳ ಮಲ್ಲಿಗೆ ಕೊಂಡೆ. ಹೂವಿನವಳು ತನ್ನ ಕೈಯಲ್ಲೇ ಅಳೆದು ಕೊಟ್ಟಳು. ಮನೆಯಲ್ಲಿ ಹಾಕಿ ನೋಡಿದರೆ ಸ್ವಲ್ಪ ಕಡಿಮೆ ಬಿತ್ತು.