ಹೆಸರಿಗಿಂತ ಮೊದಲು ‘ಕೂತ್ಕೊಳ್ಳಿ’

ಬೆಳಕು ಹರಿಯುವ ಹೊತ್ತು. ನಮ್ಮ ಗಡಿಯೂರು ಕೊಯಿಂದುವಿನ ತಗಡು ಸೂರಿನ ರೇಡಿಯೋ ಕೋಣೆಗೆ ಬಂದ ಫಿಂಡಾ ಬುಂಡೋರ್, ಬಾಗಿಲ ಬಳಿಯ ಬಕೆಟ್ಟಿನ ಬ್ಲೀಚ್ ನೀರಿನಲ್ಲಿ ಕೈ ತೊಳೆದು ಮೈಕಿನ ಮುಂದೆ ಕೂರುತ್ತಾರೆ. ಹೊರಗೆ ಜನರೇಟರಿಗೆ ಎಣ್ಣೆ ಹಾಕುತ್ತಿರುವ ಕೆಲಸದ ಹುಡುಗ ಫಾಯ್ಯಾ ಕೂಗುತ್ತಾನೆ: “ಅಕ್ಕಾ, ಇವತ್ತಾದ್ರೂ ಯಾರನ್ನೂ ಸಾಯಿಸ್ಬೇಡ!”

“ನೀನು ಮೊದ್ಲು ಆ ಯಂತ್ರ ಸಾಯದ ಹಾಗೆ ನೋಡ್ಕೊಳ್ಳೋ.”

ನಮ್ಮ ಕಿಸ್ಸಿ ಭಾಷೆಯಲ್ಲಿ ಸಾವಿನ ಸುದ್ದಿ ಓದುವುದು ಫಿಂಡಾ ಅವರ ಕೆಲಸ. ಎಬೋಲಾ ಬರುವುದಕ್ಕೆ ಎಷ್ಟೋ ಮುಂಚಿನಿಂದ ಓದುತ್ತಿದ್ದಾರೆ. ಹೊಟ್ಟೆಪಾಡು ನಡೆಯುವುದು ಸಂತೆಯಲ್ಲಿ ಮಾರುವ ತಾಳೆ ಎಣ್ಣೆಯಿಂದ. ಆಗೆಲ್ಲ ಓದುವ ಕ್ರಮ ಹೀಗಿತ್ತು: ಮೊದಲು ಸತ್ತವರ ಹೆಸರು, ಆಮೇಲೆ ಊರು, ಕೊನೆಗೆ ‘ಬನ್ನಿ’. ನೆಂಟರು ಬರುತ್ತಿದ್ದರು, ಹೆಂಗಸರು ಕೂಡಿ ಹೆಣ ತೊಳೆಯುತ್ತಿದ್ದರು. ಈಗ ಹಾಗೆ ಹೆಣ ತೊಳೆದ ಕೈಗಳಿಗೇ ರೋಗ ಅಂಟುತ್ತಿದೆ.

ರಾಜಧಾನಿಯಿಂದ ಬಂದ ಎಚ್ಚರಿಕೆಗಳು ಇಂಗ್ಲಿಷಿನಲ್ಲಿದ್ದವು. ಜನ ಕಿವಿಗೇ ಹಾಕಿಕೊಳ್ಳಲಿಲ್ಲ. ಫಿಂಡಾ ಹೇಳಿದಾಗ ಕೇಳಿದರು, ಆದರೆ ಅರ್ಧ ಮಾತ್ರ.

“ಹೆಸರು ಕಿವಿಗೆ ಬಿದ್ದಿದ್ದೇ ತಡ, ಹೆಂಗಸ್ರು ತಲೆಗೆ ಬಟ್ಟೆ ಸುತ್ಕೊಂಡು ಅಳ್ತಾ ಹೊರಟೇಬಿಡೋರು. ನಾನು ‘ಬರಬೇಡಿ’ ಅನ್ನೋಷ್ಟರಲ್ಲಿ ಅವ್ರು ಊರಾಚೆ. ರೇಡಿಯೋ ಖಾಲಿ ಮನೇಲಿ ಕೂಗ್ತಿರೋದು” ಎನ್ನುತ್ತಾರೆ.

ಹಾಗಾಗಿ ಓದುವ ಕ್ರಮವನ್ನೇ ತಿರುಗಿಸಿದರು. ‘ಕೂತ್ಕೊಳ್ಳಿ. ಎಲ್ಲಿದ್ದೀರೋ ಅಲ್ಲೇ ಕೂತ್ಕೊಳ್ಳಿ. ಹೆಣ ಮುಟ್ಟಬೇಡಿ, ಹೂಳುವ ತಂಡ ಬರುತ್ತೆ. ಈಗ ಹೆಸರು ಹೇಳ್ತೀನಿ.’ ಮೊದಮೊದಲು ಬೈಗುಳವೇ ಬೈಗುಳ. ಒಬ್ಬ ಮುದುಕಿ ರೇಡಿಯೋ ಕೋಣೆಯವರೆಗೂ ನಡೆದು ಬಂದು, “ಸತ್ತವರ ಹೆಸರಿಗಿಂತ ನಿನ್ನ ಅಪ್ಪಣೆ ಹೆಚ್ಚಾಯ್ತೇನೇ? ನಿಮ್ಮನೇಲಿ ಸಾವಾಗ್ಲಿ, ಆಗ ನೋಡೋಣ” ಎಂದಳಂತೆ.

ಕಳೆದ ವಾರ ಅದೂ ಆಯಿತು. ಸಂತೆಬೀದಿಯಲ್ಲಿದ್ದ ಫಿಂಡಾ ಅವರ ಚಿಕ್ಕವ್ವ ತೆವಾ ಎಬೋಲಾದಿಂದ ತೀರಿಕೊಂಡರು. ಫಿಂಡಾ ಅವರ ಅವ್ವ ಕುಂಬಾ ಇರುವುದು ಹೊಳೆಯಾಚೆಯ ಹಳ್ಳಿಯಲ್ಲಿ. ಅಲ್ಲಿ ಫೋನ್ ಸಿಗುವುದಿಲ್ಲ, ರೇಡಿಯೋ ಒಂದೇ ಗತಿ. ಯಾರು ಮೊದಲು ಹೋದರೂ ಉಳಿದವಳೇ ತೊಳೆದು ಕಳಿಸಬೇಕೆಂದು ಅಕ್ಕತಂಗಿಯರು ಹುಡುಗಿಯರಾಗಿದ್ದಾಗಲೇ ಮಾತಾಡಿಕೊಂಡಿದ್ದರು.

ಆ ಬೆಳಿಗ್ಗೆ ನಾನು ಮನೆಯಲ್ಲಿ ಗೆಣಸು ಬೇಯಿಸುತ್ತಾ ಕೇಳುತ್ತಿದ್ದೆ. ‘ಕೂತ್ಕೊಳ್ಳಿ’ ಎಂದವರು, ಯಾವತ್ತೂ ಸೇರಿಸದ ಮಾತೊಂದನ್ನು ಸೇರಿಸಿದರು: “ಅವ್ವಾ, ನೀನೂ ಕೂತ್ಕೋ.” ಆಮೇಲೆ ಹೆಸರು ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ.

ಮಧ್ಯಾಹ್ನದವರೆಗೆ ಫಿಂಡಾ ಹೊಳೆಯ ದಾರಿಯನ್ನೇ ನೋಡುತ್ತಾ ನಿಂತಿದ್ದರು. ಕೊನೆಗೆ ಆಚೆಯಿಂದ ಬಂದ ಬೈಕಿನವನೊಬ್ಬ ಸುದ್ದಿ ತಂದ: “ನಿಮ್ಮವ್ವ ಹೊಸಿಲ ಮೇಲೆ ಕೂತವ್ಳೆ. ರೇಡಿಯೋ ತೊಡೆ ಮೇಲಿಟ್ಕೊಂಡು ನಿನಗೆ ಬಾಯಿಗೆ ಬಂದಂಗೆ ಬೈತಾವ್ಳೆ. ಆದ್ರೆ ಎದ್ದಿಲ್ಲ.” ಆ ಹೊಸಿಲಿನ ಸುದ್ದಿ ಹಬ್ಬಿದ ಮೇಲೆ ಬೇರೆ ಮನೆಗಳಲ್ಲೂ ಜನ ಕೂರುತ್ತಿದ್ದಾರೆ.

ಏನಾದರೂ ಆಸೆ ಇದೆಯೇ ಎಂದು ಫಿಂಡಾ ಅವರನ್ನು ಕೇಳಿದೆ. “ಈ ರೋಗ ತೊಲಗ್ಲಿ. ಯಾರಾದ್ರೂ ಮುದುಕ ಹೊಟ್ಟೆ ತುಂಬ ಅನ್ನ ಉಂಡು, ಮಲಗಿದಲ್ಲೇ ಹೋಗ್ಲಿ. ಅವತ್ತು ಮೊದ್ಲು ಹೆಸರು ಹೇಳಿ, ಆಮೇಲೆ ‘ಎಲ್ರೂ ಬನ್ನಿ’ ಅಂತೀನಿ.”

ಅವ್ವ ಇನ್ನೂ ಇವರೊಂದಿಗೆ ಮಾತಾಡುತ್ತಿಲ್ಲ. ಬೈಗುಳ ಮಾತ್ರ ಬೈಕಿನವರ ಬಾಯಲ್ಲಿ ಹೊಳೆ ದಾಟಿ ಬರುತ್ತಲೇ ಇದೆ.

“ಬರ್ಲಿ ಬಿಡಿ” ಎನ್ನುತ್ತಾ ಫಿಂಡಾ ಬಕೆಟ್ಟಿಗೆ ಹೊಸ ನೀರು ಸುರಿಯುತ್ತಾರೆ. “ಬೈಯೋಕೆ ಅವ್ವ ಇದ್ದಾಳಲ್ಲ.”